ಕೇಡನ್ನು ಕನಸಾಗಿ ಹೇಳಿಸಿದವರು

ಎಲ್ಲಿಗೆ ಹೋದರೂ ಅವರು ಮೊದಲು ನೋಡುತ್ತಿದ್ದುದು ಅಲ್ಲಿಂದ ಹೊರಗೆ ಬರುವ ದಾರಿಯನ್ನು. ಮದುವೆಗೆ ಬಂದವರೆಲ್ಲ ಊಟದ ಪಂಕ್ತಿ ಎಲ್ಲಿ ಎಂದು ಹುಡುಕುತ್ತಿದ್ದರೆ, ಇವರು ಅಡುಗೆ ಕೋಣೆಯ ಬಾಗಿಲು ಯಾವ ಕಡೆ ತೆರೆಯುತ್ತದೆ, ಸಿಲಿಂಡರುಗಳನ್ನು ಎಲ್ಲಿಟ್ಟಿದ್ದಾರೆ ಎಂದು ಒಂದು ಸುತ್ತು ಹಾಕಿ ಬಂದು, ಆಮೇಲೆ ನೆಮ್ಮದಿಯಾಗಿ ಎರಡು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ನನ್ನ ಮದುವೆಯಲ್ಲೂ ಹಾಗೇ ಮಾಡಿದರು. ನನ್ನ ಮಾವನವರು ಗಾಬರಿಯಾಗಿ, "ಇವ್ರ್ಯಾರ್ರಿ, ಪೊಲೀಸ್ನೋರೇನು?" ಎಂದು ನನ್ನ ಕಿವಿಯಲ್ಲಿ ಕೇಳಿದ್ದರು.

ಪೊಲೀಸರಲ್ಲ. ಹರಪನಹಳ್ಳಿಯಿಂದ ಕೊಟ್ಟೂರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಮೆಕ್ಕೆಜೋಳದ ಗೋದಾಮು ಇದೆ. ಅದರ ಉಸ್ತುವಾರಿ ಅವರದಾಗಿತ್ತು, ಮಾಲೀಕರು ಬೇರೆ. ನಾನು ಇದೇ ತಾಲೂಕಿನ ಅರಸೀಕೆರೆಯಿಂದ ಬಂದು ಅಲ್ಲಿ ತೂಕದ ಗುಮಾಸ್ತನಾಗಿ ಸೇರಿದಾಗ ಅವರ ಮೀಸೆ ಆಗಲೇ ಅರ್ಧ ಬೆಳ್ಳಗಾಗಿತ್ತು. ಗೋದಾಮಿನವರೆಲ್ಲ ಅವರನ್ನು ಯಜಮಾನ್ರು ಎನ್ನುತ್ತಿದ್ದೆವು. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಯಾವ ಕೆಲಸವೂ ಒಬ್ಬ ಮನುಷ್ಯನ ಹೆಸರಿನ ಮೇಲೆ ನಿಲ್ಲಬಾರದು ಎಂಬುದು ಅವರ ಹಟವಾಗಿತ್ತು.

ಈ ಹಟ ಅವರಿಗೆ ಕುರಿಹಟ್ಟಿಯಿಂದ ಬಂದದ್ದು. ಚಿಗಟೇರಿಯ ಹತ್ತಿರದ ಕುರಿ ಸಾಕುವ ಮನೆತನ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮಂದೆ ಹೊಡೆದುಕೊಂಡು ಹಡಗಲಿಯ ಹೊಳೆ ದಂಡೆಯವರೆಗೂ ಹೋಗಿ ಬರುತ್ತಿದ್ದರಂತೆ. ಸಂಜೆ ಎಲ್ಲಿ ತಂಗಿದರೂ ಅಪ್ಪ ಮೊದಲು ಕೇಳುತ್ತಿದ್ದ ಪ್ರಶ್ನೆ, "ತ್ವಾಳ ಬಂದ್ರ ಎತ್ತಾಗ ಓಡಸ್ತಿ? ನೀರು ಬಂದ್ರ ಎತ್ತಾಗ?" ಎರಡಕ್ಕೂ ಉತ್ತರ ಹೇಳಿದ ಮೇಲೆಯೇ ರೊಟ್ಟಿ.

"ಎಲ್ಲಾ ನಾಯಿ ಒಂದ ದಿಕ್ಕಿಗೆ ಮಕ ಮಾಡಿ ಮಲಗಿದ್ರ ತ್ವಾಳ ಇನ್ನೊಂದು ದಿಕ್ಕಿನಿಂದ ಬರ್ತೈತಿ," ಎಂದು ನಮಗೂ ಹೇಳುತ್ತಿದ್ದರು. ಹೇಳಿ ಸುಮ್ಮನಾಗುವ ಆಸಾಮಿಯಲ್ಲ. ತಿಂಗಳಿಗೊಂದು ದಿನ ನಮ್ಮ ಕೆಲಸಗಳನ್ನು ಅದಲುಬದಲು ಮಾಡುತ್ತಿದ್ದರು. ಹಮಾಲರ ಮೇಸ್ತ್ರಿ ಕೊಟ್ರಪ್ಪ ಆ ದಿನ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಬೆರಳಿನಲ್ಲಿ ಲಾರಿ ನಂಬರು ಒತ್ತಬೇಕು. ನಾನು ಚೀಲ ಹೊರಬೇಕು. ಮೊದಲ ಸಲ ಹೊತ್ತಾಗ ನಾಲ್ಕು ಹೆಜ್ಜೆಗೆ ಕುಸಿದು ಕೂತೆ. ಕೊಟ್ರಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಲೇ ತಮ್ಮಾ, ಅದು ಜ್ವಾಳ, ಕೂಸಲ್ಲ, ಗಟ್ಟಿ ಹಿಡಿ!" ಎಂದು ಕೂಗಿದ್ದ. ಅವನಿಗೆ ಆ ದಿನ ಆದಷ್ಟು ಖುಷಿ ಮತ್ತೆಂದೂ ಆದದ್ದನ್ನು ನಾನು ಕಾಣೆ.

ಮಧ್ಯಾಹ್ನದ ಗೋದಾಮನ್ನು ನೀವು ನೋಡಬೇಕು. ಮಾಡಿನ ತಗಡಿನ ಸಣ್ಣ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿರುತ್ತದೆ, ಅದರಲ್ಲಿ ಜೋಳದ ಧೂಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿರುತ್ತದೆ. ಸೂರಿನವರೆಗೆ ಪೇರಿಸಿದ ಚೀಲಗಳ ನಡುವಿನ ಓಣಿಯಲ್ಲಿ ಹೆಂಗಸರು ಕಾಳು ಹಸನು ಮಾಡುತ್ತಿರುತ್ತಾರೆ. ಅವರ ಮೊರಗಳ ಸದ್ದು ಕೇಳುತ್ತಾ ಕೂತರೆ ಕಣ್ಣು ತಾನಾಗಿ ಎಳೆಯುತ್ತದೆ. ದೂರದಲ್ಲಿ ಕೊಟ್ಟೂರಿನ ಕಡೆಯ ರೈಲು ಹೋದರೆ ಅದೂ ನಿದ್ದೆಯೊಳಗೇ ಹೋದಂತೆ ಅನಿಸುತ್ತದೆ. ಯಜಮಾನ್ರು ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ಅರೆಗಣ್ಣು ಮುಚ್ಚಿ ಕೂತು ಕೇಡುಗಳನ್ನು ನೆನೆಯುತ್ತಿದ್ದರು. ಹೊಳೆ ಇಲ್ಲಿಗೆ ಬಂದರೆ? ಸಿಡಿಲು ತೂಕದ ಮನೆಗೆ ಹೊಡೆದರೆ? ಕೊಟ್ರಪ್ಪನಿಗೆ ಹಾವು ಕಚ್ಚಿದರೆ? ಬೇರೆಯವರು ಬಣ್ಣದ ಕನಸು ಕಾಣುವಷ್ಟೇ ಸುಖವಾಗಿ ಅವರು ಇವನ್ನೆಲ್ಲ ಕಾಣುತ್ತಿದ್ದರು ಎಂದು ನನಗೆ ಗುಮಾನಿ.

ಆದರೆ ಒಬ್ಬರ ತಲೆಯಲ್ಲಿ ಹೊಳೆಯುವ ಕೇಡು ಸಾಲದು, ಎಲ್ಲರ ತಲೆಯಲ್ಲಿರುವುದೂ ಹೊರಗೆ ಬರಬೇಕು ಎಂದು ಅವರಿಗೆ ಅನಿಸಿತು. ಅಮಾವಾಸ್ಯೆಯ ದಿನ ನಮ್ಮಲ್ಲಿ ಅರ್ಧ ರಜೆ. ತೂಕದ ಯಂತ್ರಕ್ಕೆ ಪೂಜೆ ಮಾಡಿ, ಕಾಯಿ ಒಡೆದು, ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಹೋಗುವುದು ರೂಢಿ. ಅಂಥ ಒಂದು ಅಮಾವಾಸ್ಯೆ ಎಲ್ಲರನ್ನೂ ಕೂರಿಸಿಕೊಂಡು ಶುರು ಮಾಡಿದರು.

"ಈ ಗೋದಾಮಿಗೆ ಬೆಂಕಿ ಬಿತ್ತು ಅಂತ ತಿಳಕೋರಿ..."

"ಬಿಡ್ತು ಅನ್ರಿ ಯಜಮಾನ್ರ!" ಎಂದಳು ಹನುಮಕ್ಕ. ಕಾಳು ಹಸನು ಮಾಡುವ ಹೆಂಗಸರಿಗೆಲ್ಲ ಅವಳೇ ಹಿರಿಯಳು, ಬಾಯಿಯೂ ದೊಡ್ಡದು. "ಅಮಾಸಿ ದಿನ ಎಂಥಾ ಮಾತ್ರೀ ಇದು! ಮ್ಯಾಲೆ ಅಸ್ತು ದೇವತಿ ಓಡಾಡ್ತಿರ್ತಾವ."

ಯಜಮಾನ್ರು ಬಿಡ್ತು ಅಂದರು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ, ಮಿರ್ಚಿ ಖಾಲಿಯಾಯಿತು, ಸಭೆ ಮುಗಿಯಿತು. ನಮ್ಮ ಜನ ಹಾಗೇ. ಕೇಡು ಬಂದರೆ ಎದೆಗೊಟ್ಟು ನಿಂತಾರು, ಬರುವ ಮೊದಲು ಅದರ ಹೆಸರೆತ್ತಲಾರರು.

ಮುಂದಿನ ಅಮಾವಾಸ್ಯೆಗೆ ಅವರು ಬೇರೆ ದಾರಿ ಹಿಡಿದು ಬಂದಿದ್ದರು. "ನನಗ ಮೊನ್ನೆ ಒಂದು ಕನಸು ಬಿದ್ದಿತ್ತು," ಎಂದು ಕಥೆ ಹೇಳುವವರ ಹಾಗೆ ತೆಗೆದರು. "ಏನಂದ್ರ, ಗೋದಾಮಿಗೆ ಬೆಂಕಿ ಬಿದ್ದೈತಿ."

ಈ ಸಲ ಹನುಮಕ್ಕ ತಕರಾರು ಮಾಡಲಿಲ್ಲ. ಕನಸಿನಲ್ಲಿ ಕಂಡದ್ದು ಉಲ್ಟಾ ಆಗುತ್ತದೆ, ಕನಸಿನಲ್ಲಿ ಸತ್ತವನ ಆಯಸ್ಸು ಗಟ್ಟಿ ಎಂದು ನಮ್ಮಲ್ಲಿ ಎಲ್ಲರೂ ಬಲ್ಲರು. "ಒಳ್ಳೇದಾತು ಬಿಡ್ರಿ," ಎಂದಳು.

"ಆ ಕನಸಿನಾಗ ನೀನೂ ಇದ್ದಿ ಹನುಮಕ್ಕ. ಹಿಂದಿನ ಮೂಲ್ಯಾಗ ಕಾಳು ಕೇರ್ತಿದ್ದಿ. ಬೆಂಕಿ ಇದ್ದಿದ್ದು ಮುಂದಿನ ಬಾಗ್ಲದಾಗ. ನೀ ಹೆಂಗ ಹೊರಗ ಬಂದಿ?"

ಅವಳು ತಿರುಗಿ ಹಿಂದಿನ ಗೋಡೆಯನ್ನು ನೋಡಿದಳು. ಕೊನೆಗೆ, "ಬರಲಿಲ್ಲ ಅನಸ್ತೈತಿ ಯಜಮಾನ್ರ. ಅಲ್ಲೆಲ್ಲೈತ್ರಿ ಬಾಗ್ಲ?" ಎಂದಳು.

ಹದಿನೈದು ದಿನದಲ್ಲಿ ಹಿಂದಿನ ಗೋಡೆ ಒಡೆಸಿ ಅಲ್ಲೊಂದು ಷಟರ್ ಕೂರಿಸಿದರು. ಮಾಲೀಕರಿಗೆ ಏನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ, ಅವರಿಗೂ ಕನಸೇ ಹೇಳಿರಬೇಕು.

ಅಲ್ಲಿಂದ ಅಮಾವಾಸ್ಯೆ ಎಂದರೆ ಕನಸಿನ ದಿನವಾಯಿತು. ಬಿದ್ದ ಕನಸು, ಬೀಳದ ಕನಸು, ಎಲ್ಲವೂ ಬರುತ್ತಿದ್ದವು. ಹನುಮಕ್ಕನ ಕನಸಿನಲ್ಲಿ ಇಲಿಗಳು ಗೆಜ್ಜೆ ಕಟ್ಟಿಕೊಂಡು ಸಾಲಾಗಿ ವೈರು ಕಡಿಯುತ್ತಿದ್ದವು. ಮರುದಿನವೇ ಎಲೆಕ್ಟ್ರಿಷಿಯನ್ ಬಂದು ವೈರುಗಳನ್ನೆಲ್ಲ ಪೈಪಿನೊಳಗೆ ಹಾಕಿದ. ಕೊಟ್ರಪ್ಪನ ಕನಸಿನಲ್ಲಿ ಕಂಪ್ಯೂಟರು ಒಂದು ಹೋರಿಗರುವಾಗಿ, ನಾನು ಎಷ್ಟು ಹೊಡೆದರೂ ಬಿಡದೆ ರಸೀದಿಗಳನ್ನೆಲ್ಲ ತಿಂದು ಹಾಕಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನ್ರು ಮಾತ್ರ ನಗದೆ, ಕಂಪ್ಯೂಟರಿಗೆ ಹಾಕಿದ್ದನ್ನೆಲ್ಲ ದಿನಾ ಸಂಜೆ ಒಂದು ನೋಟ್‌ಬುಕ್ಕಿಗೆ ಇಳಿಸಿ ಅದನ್ನು ಮನೆಗೆ ಒಯ್ಯಬೇಕೆಂದು ನನಗೆ ಹೇಳಿದರು. ಎರಡು ವರ್ಷ ಅವರನ್ನು ಬೈದುಕೊಳ್ಳುತ್ತಲೇ ಬರೆದೆ. ಆಮೇಲೊಂದು ಬೆಳಗ್ಗೆ ಕಂಪ್ಯೂಟರು ಹಚ್ಚಿದರೆ ಪರದೆಯ ತುಂಬ ಯಾವುದೋ ಭಾಷೆಯ ಅಕ್ಷರ, ಎಲ್ಲೋ ಕೂತ ಕಳ್ಳರು ಕಂಪ್ಯೂಟರಿಗೆ ನುಗ್ಗಿ ನಮ್ಮ ಲೆಕ್ಕಕ್ಕೆಲ್ಲ ಬೀಗ ಹಾಕಿದ್ದರು. ಹೊರಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಕಡೆಯಿಂದ ಬಂದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ನಾನು ಮನೆಗೆ ಓಡಿ ನೋಟ್‌ಬುಕ್ ತಂದೆ. ಚಹಾ ಆರುವುದರೊಳಗೆ ತೂಕ ಶುರುವಾಯಿತು.

"ನಿನ್ನ ಹೋರಿಗರ ಮೇದು ಹೋತು ನೋಡೋ ಕೊಟ್ರಪ್ಪ," ಎಂದಷ್ಟೇ ಅಂದರು ಯಜಮಾನ್ರು.

ಈಗ ನಾನು ಹೇಳಲೇಬೇಕಾದ ಭಾಗಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದನ್ನು ಮುಂದೂಡಲಿಕ್ಕೇ ಇರಬಹುದು.

ನನ್ನ ಹೆಂಡತಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ಒಂಬತ್ತು ತಿಂಗಳಿಗೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆವು. ಅವ್ವ ಮನೆಯ ಪೆಟ್ಟಿಗೆಗಳ ಬೀಗಗಳನ್ನೆಲ್ಲ ತೆಗೆದಿಟ್ಟಿದ್ದಳು. ಹಗ್ಗದ ಗಂಟು ಬಿಚ್ಚಿದ್ದಳು. ಮನೆಯಲ್ಲಿ ಬಾಗಿಲು ಮುಚ್ಚಿದ್ದರೆ ಹೆರಿಗೆಯೂ ಕಟ್ಟುತ್ತದೆ ಎಂಬ ನಂಬಿಕೆ. "ಬಾಗ್ಲ ಹಾಕಬ್ಯಾಡ, ಬಾಗ್ಲ ಸಿಕ್ಕೊಂಡೈತಿ ಅಂತ ಬಾಯಾಗೂ ಅನ್ನಬ್ಯಾಡ," ಎಂದು ನನಗೆ ತಾಕೀತು ಮಾಡಿದ್ದಳು. ಓದಿದವನು ನಾನು, ನಕ್ಕಿದ್ದೆ. ಆದರೆ ಒಳಗೆ ಹೆದರಿಕೆ ಇತ್ತು.

ಆ ವಾರವೇ ಒಂದು ದಿನ ಗೋದಾಮಿನ ಹಿಂದಿನ ಷಟರ್ ಎತ್ತಲು ಹೋದೆ. ಮೊಣಕಾಲಿನವರೆಗೆ ಬಂದು ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೂ ಮೇಲೆ ಹೋಗಲಿಲ್ಲ. ಕೆಳಗಿಳಿಸಿ ಒಂದಿಷ್ಟು ಎಣ್ಣೆ ಬಿಟ್ಟೆ. ವೆಲ್ಡಿಂಗ್ ಅಂಗಡಿಯವನಿಗೆ ಮೆಲ್ಲಗೆ ಫೋನು ಮಾಡಿದೆ. "ಸಂತಿ ಮುಗೀಲ್ರಿ, ಬರ್ತೀನಿ," ಎಂದ. ಅವನು ಬಂದು ಸರಿ ಮಾಡಿದರೆ ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡೆ.

ನಡುವೆ ಅಮಾವಾಸ್ಯೆ ಬಂತು. ಎಲ್ಲರೂ ಕನಸು ಹೇಳಿದರು. ನನ್ನ ಸರದಿ ಬಂದಾಗ ಯಜಮಾನ್ರು, "ನಿನಗೇನರ ಬಿತ್ತೇನೋ ತಮ್ಮಾ?" ಎಂದರು.

ಬಾಗಿಲು ತೆರೆಯಲಿಲ್ಲ ಎಂಬ ಎರಡು ಮಾತು. ಕನಸೆಂದು ಹೇಳಿದರೂ ಸಾಕಿತ್ತು. ಕನಸಿನ ನೆಪದಲ್ಲೂ ನನ್ನ ನಾಲಿಗೆ ಏಳಲಿಲ್ಲ. ಹೆಂಡತಿಯ ಮುಖ ಕಣ್ಣ ಮುಂದಿತ್ತು.

"ಇಲ್ರಿ. ಚಲೋ ನಿದ್ದಿ ಹತ್ತೈತಿ," ಎಂದೆ.

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಚಲೋ ಆತು ಬಿಡು," ಎಂದು ಮುಂದಿನವರ ಕಡೆ ತಿರುಗಿದರು.

ನಾಲ್ಕು ದಿನ ಕಳೆದಿರಬೇಕು, ವೆಲ್ಡಿಂಗಿನವನು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಆಕಾಶ ಹಳದಿಯಾಗಿ, ಮುಂಗಾರಿನ ಮೊದಲ ಗಾಳಿ ಎದ್ದಿತು. ನಾನು ಅಂಗಳದಾಚೆ ತೂಕದ ಮನೆಯಲ್ಲಿದ್ದೆ. ಗೋದಾಮಿನ ಮುಂದಿನ ತಗಡುಗಳು ಎದ್ದು ಹಾರಿದ್ದನ್ನು ಕಂಡೆ. ಒಂದು ತಗಡು ಕರೆಂಟಿನ ವೈರು ಹರಿದುಕೊಂಡು ಬಾಗಿಲಿಗೆ ಅಡ್ಡ ಬಿತ್ತು. ಅಲ್ಲೇ ಖಾಲಿ ಚೀಲಗಳ ರಾಶಿ ಇತ್ತು. ಮೊದಲು ಕಿಡಿ, ಆಮೇಲೆ ಹೊಗೆ. ಒಳಗೆ ಹನುಮಕ್ಕ ಮತ್ತು ಹತ್ತು ಮಂದಿ ಹೆಂಗಸರಿದ್ದರು.

ನಾನು ಹಿಂದಿನ ಬಾಗಿಲಿಗೆ ಓಡಿದೆ. ಅದು ತೆರೆಯುವುದಿಲ್ಲ ಎಂದು ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ ಎಂದು ತಿಳಿದಿದ್ದೆ. ಹೋಗಿ ನೋಡಿದರೆ ಷಟರ್ ಮೊಣಕಾಲಿಗಿಂತ ಮೇಲೆ ಎದ್ದಿತ್ತು. ಒಳಗಿನಿಂದ ಯಜಮಾನ್ರು ಹಾರೆ ಕೊಟ್ಟು ಮೀಟಿ, ಕೆಳಗೆ ಹೆಗಲು ಕೊಟ್ಟು ಕೂತಿದ್ದರು. ಅವರ ಪಕ್ಕದಿಂದ ಒಂದೊಂದೇ ಕೈ ಹೊರಗೆ ಬರುತ್ತಿತ್ತು. ನಾನು ಎಳೆದುಕೊಂಡೆ. "ಎಣಸೋ!" ಎಂದು ಒಳಗಿನಿಂದ ಕೂಗಿದರು. ಎಣಿಸಿದೆ. ಹನ್ನೊಂದನೆಯವಳು ಹನುಮಕ್ಕ. ಆಮೇಲೆ ಯಜಮಾನ್ರು ಹೊರಗೆ ನುಸುಳುವಾಗ ಷಟರ್ ಪೂರ್ತಿ ಕಳಚಿ ಅವರ ಬಲ ಹೆಗಲ ಮೇಲೆ ಬಿತ್ತು. ಆ ಸದ್ದು ಇವತ್ತಿಗೂ ನನಗೆ ಕೇಳುತ್ತದೆ.

ಬೆಂಕಿ ಆರಿತು, ಜೋಳ ಉಳಿಯಿತು. ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ನನ್ನ ಮಗಳು ಸುಖವಾಗಿ ಹುಟ್ಟಿದಳು. ಕೂಸನ್ನು ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ.

ಎರಡು ತಿಂಗಳಾದ ಮೇಲೆ ಅವರು ಕೆಲಸಕ್ಕೆ ಬಂದರು. ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ, ಮುಂಡಾಸು ಸುತ್ತಿಕೊಳ್ಳಲು ಕೊಟ್ರಪ್ಪನನ್ನು ಕರೆಯುತ್ತಿದ್ದರು. ಬಾಗಿಲು ಯಾಕೆ ಸಿಕ್ಕಿಕೊಂಡಿತ್ತು, ಯಾರು ನೋಡಿಕೊಳ್ಳಬೇಕಿತ್ತು ಎಂದು ಒಬ್ಬರನ್ನೂ ಕೇಳಲಿಲ್ಲ. ಬಂದ ಮೊದಲ ಅಮಾವಾಸ್ಯೆಯಂದು ಇಷ್ಟು ಹೇಳಿದರು: "ಕನಸಿನಾಗೂ ಹೇಳಾಕ ಆಗದಂಥಾ ಮಾತು ಇರ್ತಾವ. ಅಂಥಾದ್ದು ಕಂಡ್ರ ಆ ಜಾಗಕ್ಕ ಒಂದು ಬೇವಿನ ಸೊಪ್ಪು ಸಿಗಿಸಿ ಹೋಗ್ರಿ. ಯಾರು ಸಿಗಿಸಿದ್ರು ಅಂತ ಯಾರೂ ಕೇಳಬಾರ್ದು. ನಾನೂ ಕೇಳಂಗಿಲ್ಲ."

ಹೇಳುವಾಗ ನನ್ನ ಕಡೆ ನೋಡಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಅಂದಿನಿಂದ ಗೋದಾಮಿನಲ್ಲಿ ಅಲ್ಲೊಂದು ಇಲ್ಲೊಂದು ಬೇವು ಕಾಣತೊಡಗಿತು. ಬಿರುಕು ಬಿಟ್ಟ ಏಣಿಗೆ, ಕಮಟು ವಾಸನೆ ಬಂದ ಚೀಲಕ್ಕೆ, ಕುಡಿದು ಬರುತ್ತಿದ್ದ ಒಬ್ಬ ಡ್ರೈವರನ ಲಾರಿಯ ಕನ್ನಡಿಗೆ. ಕಂಡ ಕೂಡಲೇ ಯಜಮಾನ್ರು ಸರಿಪಡಿಸುತ್ತಿದ್ದರು. ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಅವರಿಗೇ ಮರೆವು ಶುರುವಾಯಿತು. ಒಂದು ದಿನ ಬೀಗ, ಒಂದು ದಿನ ಲಾರಿ, ಇನ್ನೊಂದು ದಿನ ಹುಳದ ಔಷಧಿ ಹೊಡೆಸಿ ಮುಚ್ಚಿಟ್ಟ ಕೋಣೆ. ನಾವೆಲ್ಲ ಮರೆಮಾಚಿಕೊಂಡು ಹೋದೆವು. ಒಂದು ಬೆಳಗ್ಗೆ ಬಂದರೆ ಅವರ ಕುರ್ಚಿಯ ಬೆನ್ನಿಗೇ ಯಾರೋ ಒಂದು ಬೇವಿನ ಎಸಳು ಸಿಗಿಸಿದ್ದರು.

ಅವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಮೂಸಿ ನೋಡಿ, ಬಾಯ್ತುಂಬ ನಕ್ಕರು. "ಭೇಷ್! ಯಾರೋ ಕಣ್ಣು ಬಿಟಗೊಂಡು ಅದಾರ," ಎಂದು ಬೀಗದ ಗೊಂಚಲನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗೆ ಹಾಕಿದರು. ಅದೇ ಅವರ ನಿವೃತ್ತಿ. ಆ ಸೊಪ್ಪು ಸಿಗಿಸಿದವರು ಯಾರೆಂದು ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ಊರಿಗೆ ಹೋಗಿ ಮಗನ ಮನೆಯಲ್ಲಿದ್ದರು. ಈ ವರ್ಷ ಬೇಸಿಗೆಯ ಕೊನೆಗೆ ಮಗಳನ್ನು ಕರೆದುಕೊಂಡು ಹೋದೆ. ಅವಳೀಗ ನಾಲ್ಕನೇ ತರಗತಿ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅವರಿಗೆ ತಿಳಿವು ಇರುವಾಗಲೇ ಹೇಳದಿದ್ದರೆ ಜೀವಮಾನವಿಡೀ ಅದನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ ಎಂಬ ದಿಗಿಲು ನನಗೆ.

ಅವರು ಕುರಿಹಟ್ಟಿಯ ಮುಂದಿನ ಹುಣಸೆ ನೆರಳಲ್ಲಿ ಕೂತಿದ್ದರು. ನನ್ನ ಹೆಸರು ನೆನಪಾಗಲಿಲ್ಲ. "ಹೊಳಿ ಬಂದೈತಿ ನೋಡು," ಎಂದು ಒಣಗಿದ ಬಯಲಿನ ಕಡೆ ಕೈ ತೋರಿದರು. "ಚೀಲ ತೇಲ್ಯಾಡ್ತಾವ. ಕೊಟ್ರಪ್ಪ ಒಂದರ ಮ್ಯಾಲೆ ಕುಂತು ಹೊಂಟಾನ." ಮಗಳು ಆ ಕಡೆ ನೋಡಿ, ನಿಜವಾಗಿ ಕಂಡವಳ ಹಾಗೆ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಮೂವರೂ ಆ ನೀರನ್ನು ನೋಡುತ್ತಾ ಕೂತೆವು. ಬಿಸಿಲಿಗೆ ಬಯಲು ಮಿನುಗುತ್ತಿತ್ತು, ನನಗೂ ನೀರಿದ್ದಂತೆಯೇ ಅನಿಸಿತು.

ಮಗಳು ಮರಿಗಳ ಹತ್ತಿರ ಹೋದ ಮೇಲೆ ಬಾಯಿಬಿಟ್ಟೆ. ಕನಸೆಂದು ಹೇಳಲಿಲ್ಲ.

"ಯಜಮಾನ್ರ, ಆ ಹಿಂದಿನ ಬಾಗ್ಲ ಸಿಕ್ಕೊಂಡಿದ್ದು ನನಗ ಮೊದ್ಲ ಗೊತ್ತಿತ್ರಿ. ಹೇಳಲಿಲ್ಲ. ಇಕಿ ಆಗ ಹೊಟ್ಟ್ಯಾಗಿದ್ಲು."

ಅವರ ಕಣ್ಣು ಬಯಲಿನಿಂದ ವಾಪಸು ಬಂತು. ಎಡಗೈ ತಾನಾಗಿ ಬಲ ಹೆಗಲಿನ ಮೇಲೆ ಹೋಯಿತು.

"ಎಣ್ಣಿ ಹನಿ ಬಿದ್ದಿದ್ವು ನೆಲದ ಮ್ಯಾಲೆ," ಎಂದರು. "ಯಾರು ಬಿಟ್ಟಾರ ಅಂತ ನಾನೂ ಎತ್ತಿ ನೋಡಿದೆ. ಮೊಣಕಾಲ ಮಟ ಬಂತು, ನಿಂತು."

ನಾನು ಅವರ ಪಕ್ಕಕ್ಕೆ ಸರಿದು ಕೂತೆ.

"ಅಮಾಸಿ ದಿನ ಎಲ್ಲಾರ ಮುಂದ ಹೇಳಬೇಕಂತನ ಕುಂತಿದ್ದೆ. ನಿನ್ನ ಮಕ ನೋಡಿದೆ. ಎರಡು ಕೂಸು ಕಳಕೊಂಡ ಮಕ. ನಾ ಹೇಳಿ, ನಾಳೆ ಏನರ ಹೆಚ್ಚುಕಮ್ಮಿ ಆದ್ರ? ಬಾಯಿ ಬರಲಿಲ್ಲ. ಕುರ್ಚಿ ಒಯ್ದು ಆ ಬಾಗ್ಲ ಹತ್ರ ಹಾಕ್ಕೊಂಡು ಕುಂತೆ. ರಿಪೇರಿಯವ ಬರೋತನಕ ನಾ ಅದೀನಲ್ಲ ಅಂತ."

ಆ ನಾಲ್ಕು ದಿನ ಅವರು ಎಲ್ಲಿ ಕೂತಿದ್ದರೆಂದು ನಾನು ಗಮನಿಸಿಯೇ ಇರಲಿಲ್ಲ.

"ನೀವು ಇದ್ರಿ ಅಂತ ಎಲ್ಲಾರೂ ಉಳದ್ರು," ಎಂದೆ.

"ಏ ಹುಚ್ಚ!" ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಹನ್ನೊಂದು ಜೀವ ನನ್ನೊಬ್ಬನ ಹೆಗಲಿಗೆ ಹಾಕಿದ್ನಲ್ಲ, ಅದಾ ತಪ್ಪು. ನಾ ಅವತ್ತು ಜ್ವರ ಬಂದು ಮಲಗಿದ್ರ? ಹೆಗಲು ಮುರಿದಿದ್ದಕ್ಕ ಎಲ್ಲಾರೂ ದೇವ್ರು ಅಂದ್ರು. ಅನ್ನಿಸಿಕೊಂಡು ಸುಮ್ನ ಇದ್ದೆ. ಆ ಹೆಣ್ಮಕ್ಕಳಿಗೆ ಹೇಳಾಕ ನನಗ ಧೈರ್ಯ ಆಗಲಿಲ್ಲ." ಉಸಿರು ತೆಗೆದುಕೊಂಡು ಅಂದರು, "ನೀ ಹೇಳು."

ಆಮೇಲೆ ಮತ್ತೆ ಹೊಳೆ ನೋಡತೊಡಗಿದರು. ನಾವು ಎದ್ದು ಬರುವಾಗ ನನ್ನನ್ನು ಕೊಟ್ರಪ್ಪ ಎಂದು ಕರೆದರು. ಮೂರು ವಾರದಲ್ಲಿ ಹೋಗಿಬಿಟ್ಟರು. ನನಗೆ ತಂದೆ ಹೋದಾಗಲೂ ಅಷ್ಟು ಖಾಲಿ ಅನಿಸಿರಲಿಲ್ಲ ಎಂದರೆ ಅವ್ವ ಬೈದಾಳು, ಆದರೆ ಅದು ನಿಜ.

ಅವರು ಹೋದ ಮೇಲಿನ ಮೊದಲ ಅಮಾವಾಸ್ಯೆ ಮೊನ್ನೆ ಬಂತು. ಪೂಜೆ ಮುಗಿಯಿತು. ಮಿರ್ಚಿಯ ಪೊಟ್ಟಣ ಯಾರೂ ಬಿಚ್ಚಿರಲಿಲ್ಲ. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಬಾಗಿಲು ಕೆಟ್ಟಿದ್ದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತೆವು, ಒಳಗಿದ್ದವರು ನೀವು ಎಂದೆ. ಆ ದಿನ ಒಳಗಿದ್ದವರಲ್ಲಿ ಆರು ಮಂದಿ ಈಗಲೂ ಕೆಲಸಕ್ಕೆ ಬರುತ್ತಾರೆ. ಯಾರ ಮುಖ ನೋಡಲೂ ನನಗೆ ಆಗಲಿಲ್ಲ. ಕೊಟ್ರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹನುಮಕ್ಕನಿಗೆ ಈಗ ವಯಸ್ಸಾಗಿದೆ. ಸೆರಗಿನಿಂದ ಒಮ್ಮೆ ಕಣ್ಣು ಒರೆಸಿಕೊಂಡಳು. ಯಾರಿಗಾಗಿ ಎಂದು ತಿಳಿಯಲಿಲ್ಲ. ಆಮೇಲೆ ಕೇಳಿದಳು.

"ಆ ಬಾಗ್ಲ ಈಗ ಹೆಂಗೈತಿ?"

"ಚಲೋ ಐತಿ ಹನುಮಕ್ಕ."

"ಯಾವಾಗ ತಗದು ನೋಡಿದ್ದಿ?"

ಅವರ ತಿಥಿ, ಓಡಾಟ, ದುಃಖ ಎಂದು ತಿಂಗಳಿನಿಂದ ಆ ಕಡೆ ಸುಳಿದಿರಲಿಲ್ಲ. ಕ್ಷಮೆ ಕೇಳಲು ಕಟ್ಟಿಕೊಂಡು ಬಂದಿದ್ದ ಮಾತುಗಳು ಬಾಯಲ್ಲೇ ಉಳಿದವು. ಹನುಮಕ್ಕ ನೆಲಕ್ಕೆ ಕೈಯೂರಿ ಎದ್ದಳು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಗೋದಾಮಿನ ಹಿಂಬದಿಗೆ ನಡೆದಳು. ಅವಳ ಹಿಂದೆ ಉಳಿದ ಹೆಂಗಸರೂ ಎದ್ದರು.

"ಬಾ ಇಲ್ಲಿ," ಎಂದು ತಿರುಗದೆ ಕೂಗಿದಳು. "ನಿನ್ನ ಆಮ್ಯಾಲೆ ಬೈತೀನಿ. ಮೊದ್ಲ ಬಾಗ್ಲ ತಗಿ."